ಕ್ರಾಸ್ ಮರಿ: ಮಾಡಬೇಕಾದ್ದು, ಮಾಡಬಾರದ್ದು

ಮಣಿಪಾಲ, ಪರ್ಕಳ, ಅಲೆವೂರು, ಹಿರಿಯಡ್ಕ, ಅತ್ತ ಕಾಪು, ಇತ್ತ ಕಾರ್ಕಳದವರೆಗಿನ ಮನೆಯವರಿಗೂ ಬಾಡಿಗೆ ಫ್ಲ್ಯಾಟಿನ ವಿದ್ಯಾರ್ಥಿಗಳಿಗೂ ಈ ಸೂಚನೆ. ಕ್ರಾಸ್ ನಾಯಿ ಕೀಳು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ನಮ್ಮ ಅಂಗಳದಲ್ಲಿ ಮಲಗುವ ನಾಯಿಗಳಲ್ಲಿ ಹೆಚ್ಚಿನವು ಬೆರಕೆಯೇ, ಒಳ್ಳೆಯ ನಾಯಿಗಳೇ. ಆಕ್ಷೇಪ ಇರುವುದು ದುಡ್ಡಿಗಾಗಿ ಬೇಕೆಂದೇ ಬೆರಕೆ ಮಾಡಿಸುವುದಕ್ಕೆ, ತಾಯಿಯ ಮುಖ ನೋಡದೆ ಮರಿ ಕೊಳ್ಳುವುದಕ್ಕೆ, ಉಳಿದ ಮರಿಗಳನ್ನು ಗೋಣಿಗೆ ತುಂಬಿ ರಸ್ತೆ ಬದಿ ಇಟ್ಟು ಹೋಗುವುದಕ್ಕೆ.

ಮರಿ ತರುವವರಿಗೆ

ತಾಯಿಯನ್ನು ನೋಡದೆ ಮರಿ ತರಬೇಡಿ. ಫೋಟೊ ಸಾಲದು, ವಿಡಿಯೊ ಸಾಲದು. ಮರಿ ಹುಟ್ಟಿದ ಜಾಗಕ್ಕೇ ಹೋಗಿ. ತಾಯಿ ಎಲ್ಲಿ ಮಲಗುತ್ತದೆ, ನೀರಿನ ಪಾತ್ರೆ ಹೇಗಿದೆ ನೋಡಿ. ಯಜಮಾನ ಹತ್ತಿರ ಬಂದರೆ ಬಾಲ ಅಲ್ಲಾಡಿಸುತ್ತದೆಯೇ, ಮೂಲೆಗೆ ಸರಿಯುತ್ತದೆಯೇ ಗಮನಿಸಿ. ಪಕ್ಕೆಲುಬು ಎಣಿಸುವಂತಿದ್ದು, ಮೊಲೆ ಜೋತುಬಿದ್ದು, ಸಿಮೆಂಟು ನೆಲದಲ್ಲೇ ಮಲಗಿ ಮಲಗಿ ಮೊಣಕೈಯ ಕೂದಲುದುರಿ ಚರ್ಮ ದಡ್ಡುಗಟ್ಟಿದ್ದರೆ ಅದರ ಪಾಡೇನೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. "ತಾಯಿ ತೋಟದ ಮನೆಯಲ್ಲಿದೆ", "ತಾಯಿ ಬೆಂಗಳೂರಲ್ಲಿದೆ, ಮರಿ ಮಾತ್ರ ಇಲ್ಲಿದೆ" ಎಂಬ ಮಾತು ಬಂದ ಕೂಡಲೇ ಎದ್ದು ಬನ್ನಿ. ಮುಂಗಡ ಕಳಿಸಬೇಡಿ.

ಕನಿಕರಪಟ್ಟು ಕೊಳ್ಳಬೇಡಿ. ಪಾಲಿಸಲು ಎಲ್ಲಕ್ಕಿಂತ ಕಷ್ಟದ ಸೂಚನೆ ಇದು, ಆದರೂ ಪಾಲಿಸಿ. ಕಣ್ಣಲ್ಲಿ ಪಿಸುರು ಕಟ್ಟಿ ಹೊಟ್ಟೆ ಊದಿದ ಮರಿ ಕಂಡಾಗ ಇದನ್ನಾದರೂ ಉಳಿಸೋಣ ಅನ್ನಿಸುವುದು ಸಹಜ. ಆದರೆ ನೀವು ಕೊಟ್ಟ ದುಡ್ಡೇ ಮಾರುವವನಿಗೆ ಧೈರ್ಯ. ಮುಂದಿನ ಬೆದೆಯಲ್ಲಿ ಅದೇ ತಾಯಿಯನ್ನು ಮತ್ತೆ ಕ್ರಾಸ್ ಮಾಡಿಸುತ್ತಾನೆ. ಅಂಥ ಜಾಗ ಕಂಡರೆ ಫೋಟೊ, ದಿನಾಂಕ ಸಮೇತ ಪೊಲೀಸ್ ಠಾಣೆಗೋ ಪಶುಸಂಗೋಪನಾ ಇಲಾಖೆಗೋ ದೂರು ಬರೆದುಕೊಡಿ. ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ.

ಎರಡು ತಿಂಗಳು ತುಂಬದ ಮರಿ ಬೇಡ. ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ 8 ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಮಾರಾಟಕ್ಕೆಂದು ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಪತ್ರ ಕೇಳಿ. ಮುಖ ಗಂಟಿಕ್ಕಿದರೂ ಕೇಳಿ. ತಿಂಗಳ ಮರಿಯನ್ನು "ಚಿಕ್ಕದಿರುವಾಗಲೇ ಒಗ್ಗಿಕೊಳ್ಳುತ್ತದೆ" ಎಂದು ದಾಟಿಸುತ್ತಾರೆ. ನಿಜವಾದ ಕಾರಣ, ಹಾಲು ಬಿಟ್ಟ ಮರಿಗೆ ತಿನ್ನಿಸುವ, ಲಸಿಕೆ ಹಾಕಿಸುವ ಖರ್ಚು ಉಳಿಯುತ್ತದೆ. ಎಷ್ಟು ಬಿಗಿಯಾಗಿ ಕಚ್ಚಿದರೆ ಎದುರಿನದಕ್ಕೆ ನೋವಾಗುತ್ತದೆ ಎಂದು ಮರಿ ಕಲಿಯುವುದು ಆ ವಾರಗಳಲ್ಲಿ, ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತಲೇ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಕೊರೆದು ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿಸಿ ತರಿಸಿಕೊಳ್ಳಲೇಬೇಡಿ. ಬಂದ ಮರಿ ಅನ್ನ ಬಿಟ್ಟು, ವಾಂತಿ ಮಾಡಿ, ರಕ್ತಭೇದಿ ಶುರುವಾದರೆ ಅದು ಪಾರ್ವೊ ವೈರಸ್ ಸೋಂಕು ಇರಬಹುದು. ಮನೆಮದ್ದು ಕುಡಿಸುತ್ತಾ ಕೂರಬೇಡಿ, ಆ ಗಳಿಗೆಯಲ್ಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.

"ಪೇಪರ್ ಇದೆ" ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾ ನೋಂದಾಯಿಸುವುದು ಶುದ್ಧ ತಳಿಗಳನ್ನು. ಹಸ್ಕಿ–ಶೆಫರ್ಡ್ ಕ್ರಾಸಿಗೋ ಶಿಟ್ಜು–ಪೊಮೇರಿಯನ್ ಕ್ರಾಸಿಗೋ ಅಲ್ಲಿಂದ ವಂಶಾವಳಿ ಬರುವುದಿಲ್ಲ. ನೀವು ಕೇಳಬೇಕಾದ ಕಾಗದ ಬೇರೆ: ಲಸಿಕೆ ಮತ್ತು ಹುಳುವಿನ ಔಷಧ ಕೊಟ್ಟ ದಿನಾಂಕ, ಮರಿಯನ್ನು ನೋಡಿದ ಪಶುವೈದ್ಯರ ಹೆಸರು, ಕೊಟ್ಟ ಹಣಕ್ಕೆ ರಸೀದಿ.

"ಇದರಿಂದ ಅಲರ್ಜಿ ಆಗುವುದಿಲ್ಲ" ಎಂದು ಮಾರುವ ಗುಂಗುರು ಕೂದಲಿನ ಕ್ರಾಸನ್ನು ಆ ಮಾತು ನಂಬಿ ತರಬೇಡಿ. ಅಂಥ ಕ್ರಾಸ್ ಆದ ಲ್ಯಾಬ್ರಡೂಡಲ್ ಹೆಸರು ಮಾಡಿದ್ದು 1989ರಲ್ಲಿ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ಮಾರ್ಗದರ್ಶಿ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿಯ ಅಲರ್ಜಿ. ಆಸ್ಟ್ರೇಲಿಯಾದ ವಾಲಿ ಕಾನ್ರನ್ ಎಂಬವರು ಲ್ಯಾಬ್ರಡಾರಿಗೂ ಪೂಡಲ್‌ಗೂ ಸೇರಿಸಿ ಮೂರು ಮರಿ ಹುಟ್ಟಿಸಿ, ಕೂದಲು, ಜೊಲ್ಲಿನ ಮಾದರಿ ಕಳಿಸಿ ಪರೀಕ್ಷಿಸಿದರು. ಆ ಮನುಷ್ಯನಿಗೆ ಒಗ್ಗಿದ್ದು ಮೂರರಲ್ಲಿ ಒಂದೇ ಮರಿ. ಒಂದೇ ಸೂಲಿನಲ್ಲೇ ಹೀಗಾದರೆ ಅಂಗಡಿಯವನ ಖಾತರಿಗೆ ಏನು ಬೆಲೆ? ಮುಂದೆ ಕಂಡಕಂಡವರೆಲ್ಲ ಪೂಡಲ್ ಕ್ರಾಸ್ ಮಾಡಿ ಮಾರತೊಡಗಿದ್ದನ್ನು ಕಂಡು, ತಾನಿದನ್ನು ಶುರು ಮಾಡಬಾರದಿತ್ತೆಂದು ಕಾನ್ರನ್ ಬಹಿರಂಗವಾಗಿಯೇ ನೊಂದುಕೊಂಡರು. ಮನೆಯಲ್ಲಿ ಉಬ್ಬಸದವರಿದ್ದರೆ ಅದೇ ನಾಯಿಯ ಜೊತೆ ಕೆಲವು ಸಲ ಕೂತೆದ್ದು ನೋಡಿದ ಮೇಲೆಯೇ ತೀರ್ಮಾನ ಮಾಡಿ.

ಕ್ರಾಸ್ ಆದರೆ ರೋಗ ಕಡಿಮೆ ಎಂಬುದನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಪೂಡಲ್ ಜಾತಿಯ ಜನಪ್ರಿಯ ಕ್ರಾಸ್‌ಗಳನ್ನು ಅವುಗಳ ಮೂಲ ತಳಿಗಳ ಜೊತೆ ಹೋಲಿಸಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಕಾಯಿಲೆಗಳ ಮಟ್ಟಿಗೆ ವ್ಯತ್ಯಾಸವೇ ಕಂಡಿಲ್ಲ. ತಂದೆಯ ಸೊಂಟದ ಕೀಲು ಸಡಿಲ, ತಾಯಿಯದೂ ಸಡಿಲ ಎಂದಾದರೆ ಜಾತಿ ಬೇರೆಯಾದ ಮಾತ್ರಕ್ಕೆ ಮರಿಯ ಕೀಲು ಗಟ್ಟಿಯಾಗುವುದಿಲ್ಲ.

ನಮ್ಮ ಮಳೆಗೆ ಒಗ್ಗದ ಕೂದಲು ತರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ. ಹಸ್ಕಿ ಕ್ರಾಸಿನ ಮೈಯ ಮೇಲ್ಗೂದಲು ಒಣಗಿದಂತೆ ಕಾಣುತ್ತದೆ. ಬೆರಳಿಂದ ಬಿಡಿಸಿದರೆ ಬುಡದ ತುಪ್ಪಳ ಇನ್ನೂ ತೇವ, ಅದರಡಿ ಚರ್ಮ ಕೆಂಪಗೆ, ಹುಳಿ ವಾಸನೆ. ನಾಯಿ ತುರಿಸಿ ತುರಿಸಿ ಗಾಯ ಮಾಡಿಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಉಣುಗು, ಉಣುಗಿನಿಂದ ಬರುವ ಜ್ವರ. ಏಪ್ರಿಲ್‌ನಲ್ಲಿ ಸೆಕೆ, ಪಗ್ ಕ್ರಾಸಿನಂಥ ಚಪ್ಪಟೆ ಮೂಗಿನವು ಉಸಿರಿಗೇ ಒದ್ದಾಡುತ್ತವೆ. ಊರ ನಾಯಿಯ ಮೋಟು ಕೂದಲು ಒಮ್ಮೆ ಮೈ ಕೊಡವಿದರೆ ಅರ್ಧ ಒಣಗುತ್ತದೆ. ಮರಿ ಬೇಕೆಂದಿದ್ದರೆ ಮೊದಲು ಊರ ನಾಯಿಯ ಮರಿ ತನ್ನಿ. ಅದರಲ್ಲೂ ಹೆಣ್ಣು ಮರಿ.

ಮರಿ ಹಾಕಿಸುವವರಿಗೆ

"ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ಹೆಣ್ಣು ನಾಯಿಗೆ ಆರೋಗ್ಯ ಇರುವುದಿಲ್ಲ" ಎಂಬುದು ಸುಳ್ಳು. ಸಂತಾನಹರಣದ ಆಪರೇಷನ್ ಮಾಡಿಸಿದ ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯವಿಲ್ಲ. ಎಳೆಯದರಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆಯ ಸಂಭವವೂ ಕಡಿಮೆ.

ದನಕ್ಕೆ ಇಂಜೆಕ್ಷನ್ ಕೊಡಿಸುವಾಗ ಯಾವ ಹೋರಿ, ತಾಯಿಗೆ ಎಷ್ಟು ಹಾಲು ಎಂದು ವಿಚಾರಿಸುವ ಊರು ನಮ್ಮದು. ನಾಯಿಗೆ ಮಾತ್ರ ನೆರೆಮನೆಯ ಯಾವ ಗಂಡಾದರೂ ಆದೀತು ಎನ್ನುವುದು ತಪ್ಪು. ದೊಡ್ಡ ಗಂಡನ್ನು ಸಣ್ಣ ಹೆಣ್ಣಿಗೆ ಬಿಡಬೇಡಿ. ಮರಿ ದೊಡ್ಡದಾಗಿ ಹೆರಿಗೆಯಲ್ಲಿ ಸಿಕ್ಕಿಕೊಂಡರೆ ಮಧ್ಯರಾತ್ರಿ ಸಿಸೇರಿಯನ್‌ಗೆ ಎಲ್ಲಿಗೆ ಓಡುತ್ತೀರಿ? ಅಣ್ಣ ತಂಗಿ, ತಂದೆ ಮಗಳು ಸೇರಿಸಬೇಡಿ. 18 ತಿಂಗಳು ತುಂಬುವ ಮೊದಲು ಹೆಣ್ಣಿಗೆ ಗಬ್ಬ ಕಟ್ಟಿಸಬಾರದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಮಾಡಿಸಬಾರದು ಎಂದು ಅದೇ 2017ರ ನಿಯಮ ಹೇಳುತ್ತದೆ. ಐದು ಎಂಬುದು ಮಿತಿ, ಗುರಿಯಲ್ಲ. ನನ್ನ ಮಾತು ಕೇಳುವುದಾದರೆ, ಮನೆ ನಾಯಿಗೆ ಒಂದು ಸೂಲೂ ಬೇಡ.

ಬೆದೆಗೆ ಬಂದರೆ ಪೂರ್ತಿ ಮೂರು ವಾರ ಒಳಗಿಡಿ. ಕಾಂಪೌಂಡು, ಗೇಟು ನಂಬಬೇಡಿ. ಗಂಡು ನಾಯಿ ಹಾರುತ್ತದೆ, ತೋಡುತ್ತದೆ. ಕೂಡಿಕೊಂಡಿದ್ದನ್ನು ಕಂಡರೆ ಎಳೆಯಬೇಡಿ, ಕಲ್ಲೆಸೆಯಬೇಡಿ, ಬಿಸಿನೀರು ಸುರಿಯಬೇಡಿ. ಹತ್ತು ನಿಮಿಷವೋ ಅರ್ಧ ಗಂಟೆಯೋ, ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಎಳೆದರೆ ಎರಡಕ್ಕೂ ಗಾಯ. ಮಾರನೆಯ ದಿನವೇ ಪಶುವೈದ್ಯರನ್ನು ಕಾಣಿ. ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆ ಇರುವುದುಂಟು. ಹಾಗಾಗಿ ಬೆದೆಯಲ್ಲಿ ಅಡ್ಡಾಡಿ ಬಂದ ಲ್ಯಾಬ್ ಹಾಕಿದ ಮರಿಗಳನ್ನು "ಲ್ಯಾಬ್–ಶೆಫರ್ಡ್ ಕ್ರಾಸ್" ಎಂದು ಹೇಳಿ ಮಾರಬೇಡಿ.

ಮರಿ ಹುಟ್ಟುವ ಮೊದಲು ಮನೆಗಳನ್ನು ಎಣಿಸಿ. ಗಬ್ಬದ ಅವಧಿ 63 ದಿನದ ಆಸುಪಾಸು; ಅಷ್ಟರೊಳಗೆ ಎಂಟು ಮರಿಗೆ ಎಂಟು ಮನೆ ಸಿಗಬೇಕು. "ಆಮೇಲೆ ನೋಡುವ" ಎಂದವರ ಮನೆಯಲ್ಲಿ ಏನಾಗುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಗಂಡು ಮರಿಗಳು ವಾರದಲ್ಲಿ ಖಾಲಿ. ಕೇಳಲು ಬಂದವರು ಮರಿಯನ್ನು ಅಂಗಾತ ಎತ್ತಿ ನೋಡಿ, "ಹೆಣ್ಣು ಬೇಡ ಮಾರಾಯ್ರೆ" ಎಂದು ಕೆಳಗಿಡುತ್ತಾರೆ. ಉಳಿದ ಹೆಣ್ಣು ಮರಿಗಳು ಒಂದು ಮುಸ್ಸಂಜೆ ಸ್ಕೂಟರಿನ ಕಾಲಬುಡದ ಚೀಲದಲ್ಲಿ ಹೊರಡುತ್ತವೆ. ಮೀನು ಮಾರ್ಕೆಟ್ಟಿನ ಹಿಂಬದಿ, ದೇವಸ್ಥಾನದ ಹೊರಗೋಡೆ, ಕಾಡಿನ ತಿರುವು. ಬದುಕಿ ಉಳಿದದ್ದು ವರ್ಷದೊಳಗೆ ತಾನೂ ಮರಿ ಹಾಕುತ್ತದೆ. ಬೀದಿ ನಾಯಿ ಹೆಚ್ಚಾಯಿತೆಂದು ಪಂಚಾಯತಿಗೆ, ನಗರಸಭೆಗೆ ಅರ್ಜಿ ಕೊಡುವವರು ಮೊದಲು ಈ ಚೀಲದ ಲೆಕ್ಕ ಕೊಡಬೇಕು. ಹೆಣ್ಣು ಮರಿ ಕೊಡುವಾಗ ಅದರ ಆಪರೇಷನ್ ಖರ್ಚಿನಲ್ಲಿ ನೀವೂ ಪಾಲು ಹಾಕಿ. ಮನೆ ಸಿಗದ ಮರಿಯನ್ನು ನೀವೇ ಸಾಕಿ.

ಕಾವಲಿಗೆಂದು ಪಿಟ್‌ಬುಲ್ ಕ್ರಾಸ್, ರಾಟ್‌ವೀಲರ್ ಕ್ರಾಸ್ ಮಾಡಿಸಬೇಡಿ. ಅಪಾಯಕಾರಿ ಎಂದು 23 ತಳಿಗಳನ್ನೂ ಅವುಗಳ ಕ್ರಾಸ್‌ಗಳನ್ನೂ ತಡೆಯಲು ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ಹೊರಡಿಸಿದ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಸುತ್ತೋಲೆ ಬಿದ್ದುಹೋದ ಮಾತ್ರಕ್ಕೆ ನಿಮ್ಮ ಹೊಣೆ ಬಿದ್ದುಹೋಗಲಿಲ್ಲ. ಹಗಲೆಲ್ಲ ಗೂಡಿನಲ್ಲಿ ಕೂಡಿ, ರಾತ್ರಿ ಮಾತ್ರ ಬಿಡುವ ನಾಯಿ ಯಾವ ಜಾತಿಯದಾದರೂ ಕಚ್ಚುತ್ತದೆ.

ವಿದ್ಯಾರ್ಥಿಗಳಿಗೆ

ಬಿ.ಟೆಕ್. 4 ವರ್ಷ, ಎಂ.ಬಿ.ಬಿ.ಎಸ್. ಐದೂವರೆ ವರ್ಷ. ನಾಯಿ ಹತ್ತರಿಂದ ಹದಿನಾಲ್ಕು ವರ್ಷ ಬದುಕುತ್ತದೆ. ನಾಲ್ವರು ರೂಮ್‌ಮೇಟ್‌ಗಳು ಸೇರಿ ದುಡ್ಡು ಹಾಕಿ ಮರಿ ತರಬೇಡಿ. ನಾಲ್ವರ ನಾಯಿ ಎಂದರೆ ಮೇ ತಿಂಗಳ ಪರೀಕ್ಷೆ ಮುಗಿದ ದಿನ ಯಾರದೂ ಅಲ್ಲದ ನಾಯಿ. ಒಬ್ಬರ ಹೆಸರಿನಲ್ಲಿ ಇರಲಿ. ಅವರ ಊರಿನ ಮನೆಯವರು ಒಪ್ಪಿರಲಿ. ಫ್ಲ್ಯಾಟಿನ ಯಜಮಾನರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಇಷ್ಟೂ ಆಗದಿದ್ದರೆ ಬೀದಿಯ ನಾಯಿಗೆ ರೇಬಿಸ್ ಲಸಿಕೆ ಹಾಕಿಸಿ, ಆಪರೇಷನ್ನಿಗೆ ಒಯ್ದು ತನ್ನಿ, ಅನ್ನ ಹಾಕಿ. ಸಾಕುವ ಆಸೆಗೂ ಅಲ್ಲಿ ಜಾಗವಿದೆ.

ಕ್ಯಾಂಪಸ್ಸಿನ ಗೇಟಿನ ಬಳಿ ಬಿಟ್ಟರೆ ಯಾರಾದರೂ ನೋಡಿಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯತಾಣಗಳಿಗೆ ಸಾಗಿಸುವಂತೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಮಂಚದ ಮೇಲೆ ಮಲಗಿ ಬೆಳೆದ ಕ್ರಾಸ್ ನಾಯಿಗೆ ಬೀದಿಯೂ ಗೊತ್ತಿಲ್ಲ, ಹಿಂಡೂ ಗೊತ್ತಿಲ್ಲ. ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಸಾಕಲು ಆಗುವುದೇ ಇಲ್ಲವೆಂದಾದರೆ ಮೊದಲು ಮರಿ ಕೊಟ್ಟವರಿಗೆ ಹೇಳಿ. ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ತರುವ ದಿನವೇ ಅವರಿಂದ ಬರೆಸಿಕೊಂಡಿರಿ. ಬರೆದುಕೊಡದವರಿಂದ ಮರಿ ತರಬೇಡಿ. ಬೇರೆ ಮನೆ ಸಿಗುವವರೆಗೆ ನಾಯಿ ನಿಮ್ಮಲ್ಲೇ ಇರಬೇಕು. ಕೊಡುವಾಗ ಲಸಿಕೆಯ ಪುಸ್ತಕ ಕೊಡಿ, ಅದು ಏನು ತಿನ್ನುತ್ತದೆ, ಯಾವ ಸದ್ದಿಗೆ ಹೆದರುತ್ತದೆ ಹೇಳಿ, ಅದು ಮಲಗುತ್ತಿದ್ದ ಬಟ್ಟೆಯನ್ನೂ ಜೊತೆಗೆ ಕಳಿಸಿ. ತಿಂಗಳ ಮೇಲೆ ಖುದ್ದಾಗಿ ಹೋಗಿ ನೋಡಿಕೊಂಡು ಬನ್ನಿ.