ಹಾನಗಲ್ಲಿನ ಹೆಸರು ಹೊತ್ತ ದನಿ ಮತ್ತು ಧ್ವನಿದೋಷದ ಅಳತೆ

ಕಿರಾಣಾ ಘರಾಣೆಯ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ (1913–2009) ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿಸುವುದು ಎತ್ತರದ, ತೆಳುವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಂಡುದನಿಯಂತೆ ತಗ್ಗಿತು. ಆ ದನಿಯನ್ನೇ ಅವರು ಸಾಧಿಸಿ ಗೆದ್ದರು. 2002ರಲ್ಲಿ ಪದ್ಮವಿಭೂಷಣ ಸಂದಿತು. ಅವರ ಹೆಸರಿನ ಊರು ಇಂದಿನ ಹಾವೇರಿ ಜಿಲ್ಲೆಯಲ್ಲಿದೆ.

ಇಂಥ ಬದಲಾವಣೆಯನ್ನು ಇಂದು ಅಂಕಿಗಳಲ್ಲಿ ಹಿಡಿಯಬಹುದು. ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎಂಬುದೇ ಮೂಲ ಆವರ್ತನ. ಮಾತಿನಲ್ಲಿ ಅದು ವಯಸ್ಕ ಗಂಡಸರಿಗೆ ಸುಮಾರು 120, ಹೆಂಗಸರಿಗೆ ಸುಮಾರು 200 ಹರ್ಟ್ಸ್. ಒಂದು ಕಂಪನದಿಂದ ಮುಂದಿನದಕ್ಕೆ ಅವಧಿ ಏರುಪೇರಾದರೆ ಜಿಟರ್, ತೀವ್ರತೆ ಏರುಪೇರಾದರೆ ಶಿಮರ್. ಇವೆರಡನ್ನು ಅದಲುಬದಲು ಮಾಡಿಕೊಳ್ಳಬಾರದು. ದನಿ ತೀರಾ ಒಡೆದಾಗ ಕಂಪನದ ಆವರ್ತವೇ ಸಿಗದೆ ಜಿಟರ್ ಲೆಕ್ಕ ನಂಬಲು ಬಾರದು. ಆಗ ಒಂದೊಂದೇ ಕಂಪನವನ್ನು ಗುರುತಿಸದೆ ಒಟ್ಟು ದನಿಯ ಕ್ರಮಬದ್ಧತೆಯನ್ನು ತೋರುವ ಸೆಪ್‌ಸ್ಟ್ರಲ್ ಶಿಖರದ ಅಳತೆ ಹೆಚ್ಚು ಭರವಸೆಯದು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಉಚಿತ ತಂತ್ರಾಂಶ ಪ್ರಾಟ್ ಇವೆಲ್ಲವನ್ನೂ ಲೆಕ್ಕಹಾಕುತ್ತದೆ.

ಈ ಅಳತೆಗಳಿಗಾಗಿ ದನಿಯನ್ನು ದಾಖಲಿಸುವಾಗ ಇಂಗ್ಲಿಷ್ ಭಾಷಿಕರಿಂದ ‘ರೇನ್‌ಬೋ ಪ್ಯಾಸೇಜ್’ ಎಂಬ ಗದ್ಯಭಾಗವನ್ನು ಓದಿಸುವುದು ರೂಢಿ. ‘ಆ’ ಸ್ವರವನ್ನು ಎಳೆಯುವ ಪರೀಕ್ಷೆಗೆ ಭಾಷೆಯ ಹಂಗು ಕಡಿಮೆ. ಓದಿನ ಪರೀಕ್ಷೆಗೆ ಹಾಗಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಶಾಲಾ ಶಿಕ್ಷಕರ ದಣಿದ ಗಂಟಲನ್ನು ಇಂಗ್ಲಿಷ್ ಓದಿನ ಅಂಕಿಗಳಿಗೆ ಹೋಲಿಸಿ ತೀರ್ಪು ಕೊಡುವುದು ಅನ್ಯಾಯ. ಅವರಿಗೆ ಬೇಕಿರುವುದು ಕನ್ನಡದ ಓದುಭಾಗ, ಕನ್ನಡಿಗರ ಮಾನದಂಡ.

ನೆನಪಿಡಿ: ಧ್ವನಿದೋಷವೂ ಸೇರಿದ ವಾಕ್-ಶ್ರವಣ ಕ್ಷೇತ್ರದ ತರಬೇತಿ, ಸಂಶೋಧನೆ, ಚಿಕಿತ್ಸೆ ನಡೆಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದು ಕೇಂದ್ರ ಆರೋಗ್ಯ ಸಚಿವಾಲಯದಡಿಯ ಸ್ವಾಯತ್ತ ಸಂಸ್ಥೆ. ವಿಶ್ವ ಧ್ವನಿ ದಿನ: ಏಪ್ರಿಲ್ 16.