ಲೈಟ್ ಆರಿದರೆ ಸಾಲದು, ತಮ್ಮಾ

ತಮ್ಮಾ, ಮುಂಬೈಯ ವಡಾಲದಲ್ಲಿ ಗ್ಯಾರೇಜು ಇಟ್ಟ ಮೇಲೆ, ಮಳೆಗಾಲದಲ್ಲಿ ಏರ್‌ಬ್ಯಾಗ್ ಲೈಟ್ ಉರಿಸಿಕೊಂಡು ಬರುವ ಗಾಡಿಗಳು ನಿನಗೆ ತಪ್ಪಿದ್ದಲ್ಲ. ಕಿಂಗ್ಸ್ ಸರ್ಕಲ್, ಹಿಂದ್‌ಮಾತಾದಲ್ಲಿ ನಿಂತ ನೀರು ಕಾರಿನೊಳಗೆ ಬಂದರೆ ಮೊದಲು ನೆನೆಯುವುದು ಕಾರ್ಪೆಟ್. ಏರ್‌ಬ್ಯಾಗ್ ನಡೆಸುವ ಮಾಡ್ಯೂಲ್ ಕೂತಿರುವುದೂ ಬಹುತೇಕ ಅಲ್ಲೇ, ಗೇರ್ ಲಿವರ್ ಹತ್ತಿರ, ಕನ್ಸೋಲಿನ ಅಡಿಗೆ. ಹೊಸ ಕಾರುಗಳಿಗೆ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು, ಪಕ್ಕದ ಸೀಟಿನದು 2021ರಲ್ಲಿ. ಹಾಗಾಗಿ ಟ್ಯಾಕ್ಸಿಯವನೂ ಈಗ ಇದೇ ದೂರು ಹಿಡಿದು ಬರುತ್ತಾನೆ.

ಮಾಡ್ಯೂಲಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಉಜ್ಜಿ, ಒಣಗಿಸಿ ಮತ್ತೆ ಹಾಕುವ ಜಾಣತನ ಬೇಡ. ಮಾಡ್ಯೂಲನ್ನೇ ಬದಲಾಯಿಸು. ಕುರ್ಲಾದಲ್ಲಿ ಹಳೆಯದು ಅಗ್ಗಕ್ಕೆ ಸಿಗುತ್ತದೆ ಎಂದು ಗಿರಾಕಿ ಆಸೆ ಹುಟ್ಟಿಸುತ್ತಾನೆ. ಡಿಕ್ಕಿಯಾಗಿ ಬ್ಯಾಗ್ ಸಿಡಿದ ಗಾಡಿಯ ಮಾಡ್ಯೂಲ್ ಆ ಪೆಟ್ಟಿನ ದಾಖಲೆ ಇಟ್ಟುಕೊಂಡಿರುತ್ತದೆ. ದಾಖಲೆ ಅಳಿಸಿಕೊಡುವವರು ಸಿಗುತ್ತಾರೆ. ಒಳಗಿನ ಸೆನ್ಸರ್ ಸರಿಯಿದೆಯೆಂದು ಬರೆದುಕೊಡುವವರು ಸಿಗುವುದಿಲ್ಲ. ಹೊಸದನ್ನೇ ತರಿಸು, ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿ ನೋಡು.

ಕೀ ತೆಗೆ, ಬ್ಯಾಟರಿಯ ಮೈನಸ್ ಬಿಚ್ಚು, ಆಮೇಲೆ ಹೋಗಿ ಒಂದು ಚಹಾ ಕುಡಿದು ಬಾ. ತಮಾಷೆಯಲ್ಲ. ಬ್ಯಾಗ್ ಸಿಡಿಸುವಷ್ಟು ಕರೆಂಟ್ ಮಾಡ್ಯೂಲಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ; ಎಷ್ಟು ಕಾಯಬೇಕೆಂಬುದು ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಬ್ಯಾಗಿನ ಹಳದಿ ಕನೆಕ್ಟರಿಗೆ ಮೀಟರ್ ಮುಟ್ಟಿಸಲೇಬೇಡ. ಹೊಸ ಮಾಡ್ಯೂಲ್ ಮೇಲಿನ ಬಾಣ ಗಾಡಿಯ ಮುಂದಕ್ಕಿರಲಿ, ಬೋಲ್ಟು ಹೇಳಿದಷ್ಟೇ ಟಾರ್ಕಿಗೆ ಬಿಗಿಯಾಗಲಿ. ಆಮೇಲೆ ಕನೆಕ್ಟರ್, ಕಡೆಗೆ ಬ್ಯಾಟರಿ. ಈ ಸರದಿ ತಪ್ಪಿಸಬೇಡ. ಡಿಕ್ಕಿ ಅಳೆಯುವ ಸೆನ್ಸರ್ ಅದರೊಳಗೇ ಇರುವುದರಿಂದ, ಬಿಗಿಯದೆ ಕರೆಂಟ್ ಕೊಟ್ಟರೆ ಕೈತಪ್ಪಿ ಬಿದ್ದದ್ದನ್ನೇ ಡಿಕ್ಕಿಯೆಂದು ತಿಳಿದು ಬ್ಯಾಗ್ ಸಿಡಿಸೀತು. ಬ್ಯಾಟರಿ ಜೋಡಿಸುವಾಗ ಗಾಡಿಯೊಳಗೆ ಹುಡುಗರನ್ನು ಕೂರಿಸಬೇಡ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಕೈ ತೊಳೆಯುವವರೇ ಹೆಚ್ಚು. ಹೊಸ ಮಾಡ್ಯೂಲಿಗೆ ತಾನು ಯಾವ ಗಾಡಿಯಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಸ್ಕ್ಯಾನರ್ ಹಚ್ಚಿ ಕೋಡಿಂಗ್ ಮಾಡಬೇಕು: ಚಾಸಿಸ್ ನಂಬರ್, ಬ್ಯಾಗ್ ಎರಡೋ ಆರೋ, ಬೆಲ್ಟ್ ಬಿಗಿಯುವ ಪ್ರಿಟೆನ್ಷನರ್ ಇದೆಯೋ ಇಲ್ಲವೋ. ಆ ಗಾಡಿಗೆ ಒಗ್ಗುವ ಸ್ಕ್ಯಾನರ್ ನಿನ್ನಲ್ಲಿಲ್ಲದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸು, ಗಿರಾಕಿ ಕೈಬಿಟ್ಟು ಹೋದರೆ ಹೋಗಲಿ. ಆರದ ಲೈಟನ್ನು ರೆಸಿಸ್ಟರ್ ಸಿಕ್ಕಿಸಿ ಆರಿಸುವುದು ರಿಪೇರಿಯಲ್ಲ, ಶುದ್ಧ ಮೋಸ.

ಕೀ ಆನ್ ಮಾಡಿದಾಗ ಲೈಟ್ ಕೆಲವು ಸೆಕೆಂಡ್ ಉರಿದು ತಾನಾಗಿ ಆರಬೇಕು. ಉರಿಯದೇ ಇದ್ದರೆ ಅದೂ ದೋಷವೇ. ಕೊನೆಯ ಸ್ಕ್ಯಾನ್ ರಿಪೋರ್ಟು, ಹಳೆಯ ಮತ್ತು ಹೊಸ ಪಾರ್ಟ್ ನಂಬರು ಎಲ್ಲವನ್ನೂ ಬಿಲ್ಲಿಗೆ ಹಚ್ಚಿಯೇ ಗಾಡಿ ಒಪ್ಪಿಸು.