ಕಣ್ಣಿನ ಚೀಟಿಯನ್ನು ಬಾಲದಿಂದ ಓದಿ

ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿದ ಅಶೋಕ, ಕಂದಹಾರದ ಜನಕ್ಕೆ ತಿಳಿಯಲೆಂದು ಅಲ್ಲಿ ಗ್ರೀಕ್ ಭಾಷೆಯಲ್ಲೂ ಶಾಸನ ಹಾಕಿಸಿದ್ದ. ಇವತ್ತು ಸಿಂಧನೂರು, ಲಿಂಗಸುಗೂರು, ಮಸ್ಕಿಯವರ ಕೈಗೆ ಗ್ರೀಕ್ ಬರುವುದು ಕಣ್ಣಾಸ್ಪತ್ರೆಯ ಚೀಟಿಯಲ್ಲಿ, ಅದೂ ಯಾರಿಗೂ ತಿಳಿಯದ ಹಾಗೆ. ಆ ಪದಗಳನ್ನು ಪೂರ್ತಿ ಕಲಿಯಬೇಕಿಲ್ಲ. ಬಾಲ ಗುರುತಿಸಿದರೆ ವೈದ್ಯರಿಗೆ ಏನು ಕೇಳಬೇಕೆಂಬುದು ಗೊತ್ತಾಗುತ್ತದೆ.

1. ಮೊದಲು ಕಾಯಿಲೆಯ ಹೆಸರನ್ನು ವೈದ್ಯರಿಂದಲೇ ಹೇಳಿಸಿಕೊಂಡು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿ. ಅವರ ಅಕ್ಷರ ನಂಬಿ ಕೂರಬೇಡಿ.

2. ಕೊನೆಯಲ್ಲಿ 'ಓಪಿಯಾ' ಇದ್ದರೆ ಅದು ನೋಟಕ್ಕೆ ಸಂಬಂಧಿಸಿದ್ದು. ಮಯೋಪಿಯಾ ಎಂದರೆ ದೂರದ ಬಸ್ಸಿನ ಬೋರ್ಡು ಮಸುಕು. ಕನ್ನಡಕದ ಅಂಕಿಗೆ ಮೈನಸ್ ಇರುತ್ತದೆ. ಹೈಪರ್‌ಮೆಟ್ರೋಪಿಯಾಕ್ಕೆ ಪ್ಲಸ್. ಪ್ರೆಸ್‌ಬಯೋಪಿಯಾ ಎಂದರೆ ನಮ್ಮ ಚಾಳೀಸು. ಗ್ರೀಕರ 'ಪ್ರೆಸ್‌ಬಿಸ್' ಎಂದರೆ ಮುದುಕ. ನಮ್ಮ ಹೆಸರು ನಲವತ್ತಾಯಿತು ಎಂದಷ್ಟೇ ಹೇಳಿ ಮರ್ಯಾದೆ ಉಳಿಸುತ್ತದೆ. ಈ ಮೂರಕ್ಕೂ ಸಾಮಾನ್ಯವಾಗಿ ಕನ್ನಡಕ ಸಾಕು. ಆದರೆ ಮಗುವಿನ ಚೀಟಿಯಲ್ಲಿ ಆಂಬ್ಲಿಯೋಪಿಯಾ ಎಂದಿದ್ದರೆ ತಡಮಾಡಬಾರದು. ಒಂದು ಕಣ್ಣಿನ ನೋಟವನ್ನು ಮಿದುಳು ಬಳಸುವುದನ್ನೇ ಬಿಟ್ಟಿರುತ್ತದೆ. ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕುವ ಚಿಕಿತ್ಸೆ ಎಳೆ ವಯಸ್ಸಿನಲ್ಲಿ ಫಲಿಸಿದಂತೆ ಆಮೇಲೆ ಫಲಿಸದು. ಡಿಪ್ಲೋಪಿಯಾ, ಅಂದರೆ ಒಂದು ಎರಡಾಗಿ ಕಾಣುವುದು, ಏಕಾಏಕಿ ಶುರುವಾದರೆ ಅಂದೇ ಆಸ್ಪತ್ರೆಗೆ ಹೋಗಿ.

3. 'ಐಟಿಸ್' ಎಂದರೆ ಉರಿಯೂತ. ಕಂಜಂಕ್ಟಿವೈಟಿಸ್ ಎಲ್ಲರಿಗೂ ಗೊತ್ತಿರುವ ಮದ್ರಾಸ್ ಐ. ನಮ್ಮ ಸೀಮೆಯವರು ಹೆದರಬೇಕಾದದ್ದು ಕೆರಟೈಟಿಸ್‌ಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಕೊಯ್ಲು, ರಾಶಿಯ ಹೊತ್ತಿಗೆ ಗರಿ ತಾಗಿಯೋ ಸುಂಕು ಬಿದ್ದೋ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಗೀರಿದರೆ ಶಿಲೀಂಧ್ರ ಒಳಹೊಕ್ಕು ಹುಣ್ಣಾಗುತ್ತದೆ. ಕೆಂಪು, ನೋವು, ಬೆಳಕಿಗೆ ಕಣ್ಣು ಬಿಡಲಾಗದ ಸಂಕಟ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವು ಲಕ್ಷಣ. ಕಸ ಬಿದ್ದ ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ. ಎದೆಹಾಲು, ಸೊಪ್ಪಿನ ರಸ ಬೇಡವೇ ಬೇಡ. ಅದಕ್ಕಿಂತ ಅಪಾಯ, ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಡ್ರಾಪ್ಸ್. ಮೇಲೆ ಕೆಂಪು ಇಳಿದು ಹಾಯೆನಿಸುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ. ಹುಣ್ಣು ಮಾಯ್ದರೂ ಕಣ್ಣಲ್ಲಿ ಹೂವು ಉಳಿದೀತು. ಅದು ದೊಡ್ಡದಾಗಿ ನೋಟಕ್ಕೆ ಅಡ್ಡ ನಿಂತರೆ ದಾನಿಯ ಕಣ್ಣಿನ ಪದರ ಕಸಿ ಮಾಡಬೇಕಾಗುತ್ತದೆ. ಅದನ್ನು ಕೆರಟೋಪ್ಲಾಸ್ಟಿ ಎನ್ನುತ್ತಾರೆ. ರಾಶಿಗೆ ಇಳಿಯುವಾಗ ಅಗ್ಗದ ಸಾದಾ ಗಾಗಲ್ ಹಾಕಿಕೊಂಡರೆ ಇಷ್ಟೆಲ್ಲ ರಗಳೆ ತಪ್ಪೀತು.

4. 'ಓಮಾ' ಕಂಡ ತಕ್ಷಣ ಗಡ್ಡೆ ಎನ್ನಬೇಡಿ. ಲೈಪೋಮಾ ಗಡ್ಡೆ ನಿಜ, ಗ್ಲಾಕೋಮಾ ಅಲ್ಲ. ಅದರಲ್ಲಿ ಹೆಚ್ಚಾಗಿ ಕಣ್ಣಿನ ಒಳಒತ್ತಡದಿಂದ ನರ ಸೊರಗುತ್ತದೆ, ಬಹುಪಾಲು ನೋವಿಲ್ಲದೆ. ಹೋದ ನೋಟ ಮರಳದು, ಉಳಿದದ್ದನ್ನು ಕಾಯಬಹುದು. ಬಾಟಲಿ ಮುಗಿಯಿತೆಂದು ಡ್ರಾಪ್ಸ್ ನಿಲ್ಲಿಸುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ರೆಟಿನೋಬ್ಲಾಸ್ಟೋಮಾ ಮಾತ್ರ ನಿಜವಾಗಿಯೂ ಮಕ್ಕಳ ಕಣ್ಣಿನ ಕ್ಯಾನ್ಸರ್. ಫ್ಲ್ಯಾಶ್ ಹಾಕಿದ ಫೋಟೊದಲ್ಲಿ ಮಗುವಿನ ಪಾಪೆ ಬೆಳ್ಳಗೆ ಕಂಡರೆ ಕೂಡಲೇ ತೋರಿಸಿ.

5. 'ಪಥಿ' ಎಂದರೆ ಕಾಯಿಲೆ. ಡಯಾಬಿಟಿಕ್ ರೆಟಿನೋಪಥಿ ಸಕ್ಕರೆ ಕಾಯಿಲೆಯ ಬಳುವಳಿ. ನೋಟ ಚೆನ್ನಾಗಿದ್ದರೂ ಸಕ್ಕರೆಯವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕು. ಆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಸುಕು ಇರುತ್ತದೆ. ರಾಯಚೂರಿಗೆ ಬೈಕಿನಲ್ಲಿ ಹೋದವರು ತಾವೇ ಓಡಿಸಿಕೊಂಡು ಬರಬೇಡಿ.

ಕ್ಯಾಟರ್ಯಾಕ್ಟ್‌ಗೆ ಇಂಥ ಬಾಲವಿಲ್ಲ. ಅದು ನಮ್ಮ ಕಣ್ಣಿನ ಪೊರೆ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಇದರ ಶಸ್ತ್ರಚಿಕಿತ್ಸೆ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಪೊರೆ ಕರಗಿಸುತ್ತೇವೆಂದು ಯಾರಾದರೂ ಡ್ರಾಪ್ಸ್ ಮಾರಲು ಬಂದರೆ ಕೊಳ್ಳಬೇಡಿ, ಪೊರೆ ಕರಗಿಸುವ ಔಷಧ ಇಲ್ಲ.